ರಾಜಾಮಣಿಯ ನೀಲಿ ಗಂಟು

ನೀಲಗಿರಿಯ ನಮ್ಮ ತೊರೆಮೂಲೆ ಹಟ್ಟಿಯಲ್ಲಿ ಎಣ್ಣೆಬಣ್ಣದ ಚಿತ್ರ ಬರೆಯುವವರು ಜೋಗಿ ದೊಡ್ಡಪ್ಪ ಒಬ್ಬರೇ. ನಾವು ಬಡಗರು, ಒಂದು ಹಟ್ಟಿಯವರೆಲ್ಲ ಒಂದೇ ಬೇರಿನವರು ಎಂದು ನಮ್ಮಲ್ಲಿ ಲೆಕ್ಕ, ಹಾಗಾಗಿ ಅಪ್ಪನಿಗಿಂತ ಹಿರಿಯರೆಲ್ಲ ನಮಗೆ ದೊಡ್ಡಪ್ಪಂದಿರೇ. ಮಿಕ್ಕ ದೊಡ್ಡಪ್ಪಂದಿರು ಮಧ್ಯಾಹ್ನ ಹುಡುಕಿದರೆ ಟೀ ತೋಟದಲ್ಲಿ, ಇಲ್ಲವೇ ಎಲೆ ತೂಗುವ ಶೆಡ್ಡಿನ ಕಟ್ಟೆಯ ಮೇಲೆ ಸಿಗುತ್ತಾರೆ. ಜೋಗಿ ದೊಡ್ಡಪ್ಪ ಸಿಗುವುದು ಅವರ ಮನೆಯ ಕಿಟಕಿಯ ಪಕ್ಕ, ಒಂದು ಹಳೆಯ ಟೀ ಪೆಟ್ಟಿಗೆಯ ಮೇಲೆ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು. ಎದುರಿಗೆ ಒಂದು ಮೇಜು, ಮೇಜಿನ ಮೇಲೆ ಅವರು ಬರೆಯುತ್ತಿರುವ ಸಾಮಾನು. ದೇವರ ಚಿತ್ರವನ್ನಾಗಲಿ ಬೆಟ್ಟದ ಚಿತ್ರವನ್ನಾಗಲಿ ಅವರು ಬರೆದದ್ದಿಲ್ಲ. ಚೊಂಬು, ಹಣ್ಣು, ಲಾಂದ್ರ, ಮಡಿಸಿಟ್ಟ ಬಟ್ಟೆ, ಇಂಥವೇ.

ಅವರ ಕೈಗೆ ಬ್ರಷ್ ಬಂದದ್ದು ಫ್ಯಾಕ್ಟರಿಯಲ್ಲಿ. ಕೋತಗಿರಿ ರಸ್ತೆಯ ಒಂದು ಟೀ ಫ್ಯಾಕ್ಟರಿಗೆ ಅವರು ಹುಡುಗರಾಗಿದ್ದಾಗಲೇ ಸೇರಿದರು. ಆಗ ಟೀ ಪುಡಿಯನ್ನು ಪ್ಲೈವುಡ್ ಪೆಟ್ಟಿಗೆಗಳಲ್ಲಿ ತುಂಬಿ ಕಳಿಸುತ್ತಿದ್ದರು. ಪೆಟ್ಟಿಗೆಯ ಮೇಲೆ ಗ್ರೇಡು, ತೂಕ, ತೋಟದ ಹೆಸರು ಬೀಳಬೇಕು. ತಗಡಿನಲ್ಲಿ ಅಕ್ಷರ ಕೊರೆದ ಅಚ್ಚನ್ನು ಪೆಟ್ಟಿಗೆಗೆ ಒತ್ತಿ ಹಿಡಿದು ಬಣ್ಣ ಬಳಿಯುವುದು ಅವರ ಕೆಲಸ. ಅಚ್ಚು ತೆಗೆದಾಗ ಅಕ್ಷರದ ಗೆರೆಗಳ ನಡುವೆ ಬಣ್ಣ ಹತ್ತದ ಸಣ್ಣ ಸಣ್ಣ ಸೀಳು ಉಳಿಯುತ್ತದೆ. ಅದನ್ನು ಹಾಗೇ ಬಿಡುವುದು ಎಲ್ಲ ಫ್ಯಾಕ್ಟರಿಗಳ ಪದ್ಧತಿ. ದೊಡ್ಡಪ್ಪನಿಗೆ ಅದು ಸರಿ ಕಾಣಲಿಲ್ಲ. ಅವರು ಒಂದು ಸಣ್ಣ ಬ್ರಷ್ ತಂದು ಪ್ರತಿ ಸೀಳನ್ನೂ ಕೈಯಿಂದ ತುಂಬುತ್ತಿದ್ದರು. ಇದನ್ನು ಕೇಳಿ ಅವರ ಹೆಂಡತಿ ರಾಜಾಮಣಿ ದೊಡ್ಡವ್ವ ನಗುತ್ತಿದ್ದಳಂತೆ. ಆ ಪೆಟ್ಟಿಗೆ ಕೊಚ್ಚಿಗೆ ಹೋಗಿ ಹಡಗು ಹತ್ತುತ್ತದೆ, ಅಲ್ಲಿ ಯಾರು ನಿನ್ನ ಅಕ್ಷರ ಓದುವುದಕ್ಕೆ ಕಾಯುತ್ತಾ ಕೂತಿದ್ದಾರೆ ಎಂದು ಕೇಳುತ್ತಿದ್ದಳಂತೆ. ಆಮೇಲೆ ಪೆಟ್ಟಿಗೆ ಹೋಗಿ ಅಚ್ಚು ಹಾಕಿದ ಕಾಗದದ ಚೀಲ ಬಂತು. ದೊಡ್ಡಪ್ಪನನ್ನು ಎಲೆ ಬಾಡಿಸುವ ಕಡೆಗೆ ಹಾಕಿದರು. ಉಳಿದ ವರ್ಷಗಳನ್ನು ಅವರು ಅಲ್ಲಿಯೇ ಕಳೆದರು.

ನಿವೃತ್ತರಾದ ಮೇಲೆ ಮನೆಯಲ್ಲಿ ಅವರಿಗೆ ಕೂರುವ ಜಾಗ ಸಿಗಲಿಲ್ಲ. ಮಗ ಸರವಣ, ಸೊಸೆ ಜೀವಿತಾ, ಮೊಮ್ಮಕ್ಕಳು, ಮನೆ ತುಂಬಿತ್ತು. ಎಲ್ಲಿ ಕೂತರೂ ಯಾರಾದರೊಬ್ಬರು ಕಸಬರಿಗೆ ಹಿಡಿದು ಅಲ್ಲಿಗೇ ಬರುತ್ತಿದ್ದರು. ಒಂದು ದಿನ ದೊಡ್ಡವ್ವನೇ ಅವರಿಗೊಂದು ದಾರಿ ತೋರಿಸಿದಳು. ಊಟಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ರಂಗನಾಥನ್ ಎಂಬ ಡ್ರಾಯಿಂಗ್ ಮಾಸ್ಟರ್ ಶನಿವಾರ ಶನಿವಾರ ಚಿತ್ರ ಹೇಳಿಕೊಡುತ್ತಾರೆಂದು ಅವಳು ಬಸ್ಸಿನಲ್ಲಿ ಯಾರಿಂದಲೋ ಕೇಳಿ ಬಂದಿದ್ದಳು. ಪೆಟ್ಟಿಗೆಯ ಸೀಳು ತುಂಬುತ್ತಿದ್ದೆಯಲ್ಲ, ಹೋಗಿ ಪೂರ್ತಿ ಚಿತ್ರವನ್ನೇ ಕಲಿ, ವಾರಕ್ಕೆ ಒಂದು ದಿನವಾದರೂ ನನ್ನ ಕಾಲಿಗೆ ಅಡ್ಡ ಬರುವುದು ತಪ್ಪುತ್ತದೆ ಎಂದಳು.

ರಂಗನಾಥನ್ ಮಾಸ್ಟರ್ ಗೂಡಲೂರಿನ ಕಡೆಯ ಶಾಲೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ತರಗತಿ ನಡೆಯುವುದು ಒಂದು ಬೇಕರಿಯ ಮಹಡಿಯ ಮೇಲೆ. ಕೆಳಗಿನಿಂದ ವರ್ಕಿ ಬಿಸ್ಕತ್ತು ಬೇಯುವ ವಾಸನೆ, ಮೇಲೆ ಅಗಸೆ ಎಣ್ಣೆಯ ವಾಸನೆ. ಮಾಸ್ಟರಿಗೆ ಒಂದೇ ಹುಚ್ಚು. ಹಳೆಯ ಕಾಲದ ಚಿತ್ರಕಾರರು ಬಳಸುತ್ತಿದ್ದ ನೀಲಿಗಳು. ಸಣ್ಣ ಬಾಟಲಿಗಳಲ್ಲಿ ಅವನ್ನು ಕೂಡಿಟ್ಟುಕೊಂಡಿದ್ದರು. ಬಂದ ಹೊಸಬರಿಗೆಲ್ಲ ಮೊದಲು ಒಂದೇ ಪಾಠ: ಒಂದು ಎನಾಮಲ್ ಲೋಟ, ಒಂದು ನಿಂಬೆಹಣ್ಣು, ಒಂದು ಬಿಳಿ ಟವೆಲ್. ಇಷ್ಟನ್ನೇ ಒಂದೊಂದು ನೀಲಿಯಲ್ಲಿ ಒಂದೊಂದು ಸಲ ಬರೆಯಬೇಕು.

ದೊಡ್ಡಪ್ಪ ಆ ಪಾಠವನ್ನು ಎಷ್ಟು ಸಲ ಹೇಳಿದ್ದಾರೆಂದರೆ ನನಗೂ ಬಾಯಿಗೆ ಬಂದಿದೆ. ನೀಲಿ ಗಿಡದಿಂದ ಬರುವ ಇಂಡಿಗೊ ಬಟ್ಟೆಗೆ ಒಳ್ಳೆಯದು, ಎಣ್ಣೆಯಲ್ಲಿ ಕಲಸಿ ಬೆಳಕಿಗೆ ಇಟ್ಟರೆ ಮೆಲ್ಲಗೆ ಮಾಸುತ್ತದೆ. ಸ್ಮಾಲ್ಟ್ ಎಂಬುದು ನೀಲಿ ಗಾಜನ್ನು ಕುಟ್ಟಿ ಮಾಡಿದ ಪುಡಿ. ಬರೆದ ದಿನ ಚೆಂದ, ವರ್ಷಗಳು ಹೋದಂತೆ ಬೂದು ಬಣ್ಣಕ್ಕೆ ತಿರುಗುತ್ತದೆ. ಯೂರೋಪಿನ ಎಷ್ಟೋ ಹಳೆಯ ಚಿತ್ರಗಳಲ್ಲಿ ಈಗ ಬೂದು ಕಾಣುವ ಬಟ್ಟೆ ಒಂದು ಕಾಲಕ್ಕೆ ನೀಲಿಯಾಗಿತ್ತಂತೆ. ಪ್ರಷ್ಯನ್ ನೀಲಿ ಬರ್ಲಿನ್ನಿನಲ್ಲಿ ಕೆಂಪು ಬಣ್ಣ ಮಾಡಲು ಹೋದವನ ಕೈಯಲ್ಲಿ ತಪ್ಪಿ ಹುಟ್ಟಿದ್ದು. ಒಂದು ಸಾಸಿವೆಯಷ್ಟು ಹಾಕಿದರೆ ಹಲಗೆಯ ಮೇಲಿನ ಬಣ್ಣವನ್ನೆಲ್ಲ ನುಂಗುತ್ತದೆ. ಇವೆಲ್ಲಕ್ಕೂ ರಾಜ ಅಲ್ಟ್ರಾಮರೀನ್. ಅಫ್ಘಾನಿಸ್ತಾನದ ಬೆಟ್ಟದ ಕಲ್ಲನ್ನು ಅರೆದು ತೆಗೆಯುತ್ತಿದ್ದ ಅದು ಚಿನ್ನಕ್ಕಿಂತ ದುಬಾರಿ ಇತ್ತು. ಇನ್ನೂರು ವರ್ಷದ ಹಿಂದೆ ಅದೇ ಬಣ್ಣವನ್ನು ಜೇಡಿ, ಸೋಡಾ, ಗಂಧಕ ಸೇರಿಸಿ ಕುಲುಮೆಯಲ್ಲಿ ಬೇಯಿಸಲು ಕಲಿತರು. ಇಷ್ಟು ಹೇಳಿ ಮಾಸ್ಟರ್ ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು. ಬಿಳಿ ಬಟ್ಟೆ ಬರೆಯಬೇಕಾದವನು ಬಿಳಿ ಬಣ್ಣವನ್ನು ನೆಚ್ಚಿಕೊಂಡರೆ ಬಟ್ಟೆ ಸುಣ್ಣದ ಗೋಡೆಯಾಗುತ್ತದೆ. ಬಿಳಿಗೆ ಬೇಕಾದದ್ದು ನೀಲಿ.

ಮೊದಲ ಶನಿವಾರ ಮನೆಗೆ ಬಂದು ದೊಡ್ಡಪ್ಪ ಇದನ್ನು ಸಂಭ್ರಮದಿಂದ ಹೇಳಿದರು. ದೊಡ್ಡವ್ವ ಆಗ ಬಚ್ಚಲ ಕಲ್ಲಿನ ಮೇಲೆ ಬಟ್ಟೆ ಹಿಂಡುತ್ತಿದ್ದಳು.

"ಬಿಳಿಗೆ ನೀಲಿ ಬೇಕು ಅಂತ ತಿಳ್ಕೊಳ್ಳೋಕೆ ಊಟಿ ಬಸ್ಸು ಹತ್ತಬೇಕಿತ್ತಾ?" ಎಂದಳು. "ಇಷ್ಟು ವರ್ಷದಲ್ಲಿ ಒಂದು ಸಲ ಈ ಬಚ್ಚಲಿಗೆ ಬಂದು ನೋಡಿದ್ರೆ ಸಾಕಿತ್ತು."

ಅವಳ ಮಾತಿನಲ್ಲಿ ಸತ್ಯವಿತ್ತು. ನಮ್ಮ ಹೆಂಗಸರು ಹಬ್ಬಕ್ಕೂ ಸಾವಿಗೂ ಉಡುವುದು ಬಿಳಿ ಮುಂಡು. ಮಾರ್ಗಳಿ ತಿಂಗಳ ಚಳಿಯಲ್ಲಿ ನಮ್ಮ ಕುಲದ ಅಜ್ಜಿದೇವತೆ ಹೆತ್ತೆಯ ಹಬ್ಬ ಬರುವ ಮುಂಚೆ ಮನೆಯಲ್ಲಿರುವ ಬಿಳಿಯದೆಲ್ಲವನ್ನೂ ತೊಳೆಯಬೇಕು. ಒಂದು ತುಂಡು ಬಿಳಿ ಬಟ್ಟೆಯೂ ತೊಳೆಯದೆ ಒಳಗೆ ಉಳಿಯಬಾರದು. ತೊಳೆದ ಕೊನೆಯ ನೀರಿಗೆ ನೀಲಿ ಹಾಕುವುದರಲ್ಲಿ ರಾಜಾಮಣಿ ದೊಡ್ಡವ್ವನ ಕೈ ಇಡೀ ಹಟ್ಟಿಗೆ ಗೊತ್ತಿತ್ತು. ನೀಲಿ ಪುಡಿಯನ್ನು ಹಳೆಯ ಬಟ್ಟೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು ಕಟ್ಟಿ ನೀರಿನಲ್ಲಿ ಆಡಿಸುತ್ತಿದ್ದಳು. ಬಟ್ಟೆ ಒಣಗಿದ ಮೇಲೆ ಅದರಲ್ಲಿ ನೀಲಿ ಇದೆಯೆಂದು ಯಾರೂ ಹೇಳಲಾರರು. ಬೇರೆಯವರ ಬಟ್ಟೆಯ ಪಕ್ಕದಲ್ಲಿ ಹಿಡಿದಾಗ ಮಾತ್ರ ಅವರದು ಹಳದಿ ಕಾಣುತ್ತಿತ್ತು.

ಅವಳ ಮಾತನ್ನು ದೊಡ್ಡಪ್ಪ ಮುಂದಿನ ಶನಿವಾರ ಮಾಸ್ಟರಿಗೆ ಒಪ್ಪಿಸಿದರು. ಮಾಸ್ಟರ್ ನಕ್ಕು, ನಿಮ್ಮ ಹೆಂಡತಿ ಹೇಳಿದ್ದು ಸರಿ, ಬಟ್ಟೆಗೆ ಹಾಕುವ ಆ ನೀಲಿ ಪುಡಿ ಕುಲುಮೆಯಲ್ಲಿ ಬೆಂದ ಅಲ್ಟ್ರಾಮರೀನೇ, ಸ್ವಲ್ಪ ಸೋಡಾ ಬೆರೆತಿರುತ್ತದೆ ಅಷ್ಟೇ ಎಂದರು. ಈ ಸುದ್ದಿ ದೊಡ್ಡವ್ವನಿಗೆ ಬಹಳ ಹಿಡಿಸಿತು. ಎಲೆ ಕೀಳುವಾಗ ಸಾಲಿನ ಈ ತುದಿಯಿಂದ ಆ ತುದಿಗೆ, ನಾವು ಉಡುವುದು ರಾಜರ ಬಣ್ಣ ಕಣ್ರೇ ಎಂದು ಕೂಗಿ ಹೇಳಿದ್ದು ನನಗೇ ಕೇಳಿಸಿತ್ತು.

ಮೂರು ವರ್ಷದ ಹಿಂದೆ, ಹೆತ್ತೆ ಹಬ್ಬಕ್ಕೆ ಒಂದು ವಾರ ಇದೆ ಎನ್ನುವಾಗ, ರಾಜಾಮಣಿ ದೊಡ್ಡವ್ವ ತೀರಿಕೊಂಡಳು. ಬೆಳಿಗ್ಗೆ ಎದೆ ನೋವೆಂದಳು, ಊಟಿಯ ಆಸ್ಪತ್ರೆ ತಲುಪುವ ಮುಂಚೆಯೇ ಹೋಗಿಬಿಟ್ಟಳು. ಆ ಹಬ್ಬಕ್ಕೆಂದು ಅವಳು ತೊಳೆದು ನೀಲಿ ಹಾಕಿ ಮಡಿಸಿಟ್ಟಿದ್ದ ಮುಂಡು ಟ್ರಂಕಿನಲ್ಲಿ ಉಳಿಯಿತು. ಅದನ್ನು ಅವಳು ಉಡಲೇ ಇಲ್ಲ.

ಆಮೇಲೆ ವರ್ಷಕ್ಕೂ ಹೆಚ್ಚು ಕಾಲ ದೊಡ್ಡಪ್ಪ ಬ್ರಷ್ ಮುಟ್ಟಲಿಲ್ಲ. ಮತ್ತೆ ಊಟಿಗೆ ಹೋಗತೊಡಗಿದಾಗಲೂ ಲೋಟ, ನಿಂಬೆಹಣ್ಣು ಎಂದು ಅಲ್ಲಿಟ್ಟದ್ದನ್ನೇ ಬರೆದು ಬರುತ್ತಿದ್ದರು. ಕಳೆದ ವರ್ಷ ಮಳೆ ನಿಂತ ಮೇಲೆ ಜೀವಿತಾ ಟ್ರಂಕು ತೆಗೆದು ಬಿಸಿಲಿಗೆ ಇಟ್ಟಳು. ಅದರಲ್ಲಿದ್ದ ಮುಂಡನ್ನು ನೋಡಿ ದೊಡ್ಡಪ್ಪ ಅಲ್ಲೇ ಕೂತುಬಿಟ್ಟರು. ಮಡಿಕೆಯ ಅಂಚಿನಲ್ಲಿ ಹಳದಿ ಇಳಿಯತೊಡಗಿತ್ತು. ಒಳಗಿನ ಮಡಿಕೆಗಳಲ್ಲಿ ಅವಳು ಹಾಕಿದ ಬಿಳಿ ಇನ್ನೂ ಹಾಗೇ ಇತ್ತು. ತೊಳೆದರೆ ಅವಳ ನೀಲಿ ನೀರಿಗೆ ಹೋಗುತ್ತದೆ. ತೊಳೆಯದೆ ಇಟ್ಟರೆ ಹಳದಿ ಒಳಕ್ಕೆ ಬರುತ್ತದೆ. ಎರಡರಲ್ಲಿ ಯಾವುದಾದರೂ ಆಗುವ ಮೊದಲು ಅದನ್ನು ಬರೆದಿಟ್ಟುಕೊಳ್ಳಬೇಕು ಎಂದು ಅವರಿಗೆ ಅನ್ನಿಸಿತು. ಅವರಿಗೆ ಬೇಕಾಗಿದ್ದದ್ದು ಅದೊಂದೇ, ಅವಳ ಕೈಯ ಆ ಬಿಳಿ.

ಕಿಟಕಿಯ ಪಕ್ಕ ಮೇಜು ಹಾಕಿದರು. ಮುಂಡನ್ನು ಅವಳು ಮಡಿಸಿದ್ದಂತೆಯೇ ಇಟ್ಟರು. ಪಕ್ಕದಲ್ಲಿ ಅವಳ ಹಿತ್ತಾಳೆ ಚೊಂಬು, ಮುಂದೆ ಹಿತ್ತಲ ಗಿಡದ ಎರಡು ಮರ ಟೊಮ್ಯಾಟೊ ಹಣ್ಣು. ಕ್ಯಾನ್ವಾಸಿನ ಮೇಲೆ ಟೊಮ್ಯಾಟೊ ಬಂತು, ಚೊಂಬು ಬಂತು. ಬಟ್ಟೆ ಬರಲಿಲ್ಲ. ಪ್ರಷ್ಯನ್ ನೀಲಿಯಲ್ಲಿ ಮಡಿಕೆಯ ನೆರಳು ನೆನೆದ ಟೀ ಎಲೆಯ ಹಾಗೆ ಹಸಿರಿಗೆ ತಿರುಗಿತು. ಇಂಡಿಗೊದಲ್ಲಿ ಬಟ್ಟೆ ಒಲೆಯ ಮೇಲೆ ಒಣಗಿಸಿದಂತೆ ಕಂಡಿತು. ಅವರು ಕೆರೆದು ತೆಗೆದರು, ಮತ್ತೆ ಬರೆದರು, ಮತ್ತೆ ಕೆರೆದರು. ನಾನು ಸಂಜೆ ಹಾಲು ಕೊಡಲು ಹೋದಾಗೆಲ್ಲ ಕ್ಯಾನ್ವಾಸಿನ ನಡುವೆ ಒಂದು ಖಾಲಿ ಜಾಗ ಇರುತ್ತಿತ್ತು.

ಒಂದು ದಿನ ಬಚ್ಚಲ ಗೂಡಿನಲ್ಲಿ, ಹಳೆಯ ಸೋಪಿನ ಡಬ್ಬಿಯ ಹಿಂದೆ, ಅವರಿಗೆ ದೊಡ್ಡವ್ವನ ನೀಲಿ ಗಂಟು ಸಿಕ್ಕಿತು. ಒಣಗಿ ಕಲ್ಲಾಗಿತ್ತು. ಕಟ್ಟಿದ್ದ ದಾರ ಅವಳ ಯಾವುದೋ ರವಿಕೆಯಿಂದ ಬಿಚ್ಚಿದ್ದು. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ನಮ್ಮ ಮನೆಯವರೆಗೂ ಬಂದು ತೋರಿಸಿದರು. ಊಟಿ ಮಾರ್ಕೆಟ್ಟಿನಲ್ಲಿ ಆ ಪುಡಿಗಾಗಿ ಕೇಳಿದ್ದರಂತೆ. ಈಗ ಪುಡಿ ಯಾರೂ ಕೇಳುವುದಿಲ್ಲ, ತರಿಸುವುದನ್ನೇ ಬಿಟ್ಟೆವು, ಎಲ್ಲ ಬಾಟಲಿಯ ನೀಲಿ ಎಂದು ಅಂಗಡಿಯವರು ಹೇಳಿದರಂತೆ. ಹಾಗಾಗಿ ಇದ್ದದ್ದು ಇಷ್ಟೇ.

ಇದನ್ನೇ ಅರೆದು ಬಣ್ಣ ಮಾಡಿದರೆ ಅವಳ ಬಿಳಿ ಬರುತ್ತದೆ ಎಂದು ಅವರಿಗೆ ಆಸೆ ಹುಟ್ಟಿತು. ಮಾಸ್ಟರನ್ನು ಕೇಳಿದರು. ಪೂರ್ತಿ ಬಿಚ್ಚಬೇಡಿ, ಒಂದು ಚಿಟಿಕೆ ಕೆರೆದು ನೋಡಿ ಎಂದರು ಮಾಸ್ಟರ್. ಇಬ್ಬರೂ ಸೇರಿ ಆ ಚಿಟಿಕೆಯನ್ನು ಗಾಜಿನ ಹಲಗೆಯ ಮೇಲೆ ಅಗಸೆ ಎಣ್ಣೆ ಬಿಟ್ಟು ಅರೆದರು. ಸೋಡಾ ಬೆರೆತ ಪುಡಿ ಎಣ್ಣೆಯನ್ನು ಹಿಡಿಯಲಿಲ್ಲ. ಮರಳು ಮರಳಾಗಿ, ಬೂದು ಬಣ್ಣದ ಗಂಜಿಯಾಯಿತು. ದೊಡ್ಡಪ್ಪನಿಗೆ ದುಃಖವಾಯಿತು, ಗಂಟು ಉಳಿಯಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು. ಮಾಸ್ಟರ್ ಅವರ ಕೈಗೆ ಅಲ್ಟ್ರಾಮರೀನಿನ ಒಂದು ಟ್ಯೂಬ್ ಕೊಟ್ಟರು.

"ಜೋಗಿ, ನೀವು ನೀಲಿಯನ್ನು ಹುಡುಕುತ್ತಾ ಇದ್ದೀರಿ," ಎಂದರು. "ಬಟ್ಟೆಯನ್ನು ನೋಡುತ್ತಿಲ್ಲ."

ದೊಡ್ಡಪ್ಪ ಮನೆಗೆ ಬಂದು ಬಟ್ಟೆಯನ್ನು ನೋಡಿದರು. ಇಡೀ ವಾರ ನೋಡಿದರು. ಬೆಳಿಗ್ಗೆ ಮಂಜಿನಲ್ಲಿ ಮಡಿಕೆ ಹೇಗಿರುತ್ತದೆ, ಎದುರು ಬೆಟ್ಟದ ಮೇಲೆ ಬಿಸಿಲು ಬಿದ್ದಾಗ ಹೇಗಾಗುತ್ತದೆ, ಚೊಂಬಿನ ಹಳದಿ ಯಾವ ಕಡೆಗೆ ತಾಗುತ್ತದೆ. ಆಮೇಲೆ ಬಿಳಿಗೆ ಒಂದು ತೊಟ್ಟು ಅಲ್ಟ್ರಾಮರೀನ್, ಅದಕ್ಕಿಂತ ಕಡಿಮೆ ಕಂದು ಸೇರಿಸಿ, ಎಡಗಡೆಯ ಒಂದು ಮಡಿಕೆಯನ್ನು ಬರೆದರು. ಅದು ಬಂತು. ನಾನು ಆ ಸಂಜೆ ನೋಡಿದೆ. ಕ್ಯಾನ್ವಾಸಿನ ಮೇಲೆ ಒಂದು ಮೊಳ ಬಟ್ಟೆ ನಿಜವಾಗಿ ಮಡಿಚಿಕೊಂಡು ಕೂತಿತ್ತು. ಉಳಿದದ್ದು ಇನ್ನು ಬರುತ್ತದೆ ಎಂದು ಅವರು ಮೊದಲ ಸಲ ನಿಶ್ಚಿಂತೆಯಿಂದ ಹೇಳಿದರು. ಆ ಸುದ್ದಿಯನ್ನು ಮಾಸ್ಟರಿಗೆ ಹೇಳಲು ಶನಿವಾರ ಊಟಿಗೆ ಹೋದರು.

ಅದೇ ಶನಿವಾರ ನಂಜಿ ಅತ್ತೆ ಬಂದಳು. ನಂಜಿ ಅತ್ತೆ ದೊಡ್ಡಪ್ಪನ ತಂಗಿ. ಕಾಡಂಚಿನ ಮಾವನಲ್ಲ ಎಂಬ ಊರಿನಲ್ಲಿ ಅವಳ ಗಂಡನಿಗೆ ಸ್ವಲ್ಪ ಹೊಲವಿದೆ, ರಾತ್ರಿ ಆನೆ ಓಡಿಸಿ ಓಡಿಸಿ ಅವಳ ಗಂಟಲು ದೊಡ್ಡದಾಗಿದೆ. ಹೆತ್ತೆ ಹಬ್ಬಕ್ಕೆ ಹಟ್ಟಿಯ ಹೆಣ್ಣುಮಕ್ಕಳು ತವರಿಗೆ ಬರುವುದು ವಾಡಿಕೆ. ಆದರೆ ನಂಜಿ ಅತ್ತೆ ಎಲ್ಲರಿಗಿಂತ ಮುಂಚೆ ಬಂದು, ಅತ್ತಿಗೆ ಇಲ್ಲದ ಮನೆಯನ್ನು ತಾನೇ ಹಬ್ಬಕ್ಕೆ ಸಿದ್ಧ ಮಾಡುತ್ತಾಳೆ. ಜೀವಿತಾ ಎಲೆ ಕೀಳಲು ಹೋಗಿದ್ದಳು. ಅತ್ತೆ ಒಬ್ಬಳೇ ಪರದೆ, ಹಾಸಿಗೆ, ದುಪಟ್ಟಿ ಎಲ್ಲ ತೆಗೆದು ನೆನೆಹಾಕಿದಳು. ಕೊನೆಗೆ ಕಿಟಕಿಯ ಪಕ್ಕ ಬಂದರೆ ಅತ್ತಿಗೆಯ ಮುಂಡು ಮೇಜಿನ ಮೇಲೆ ಧೂಳು ಹಿಡಿದು ಕೂತಿದೆ. ಅಂಚು ಹಳದಿ, ಮೂಲೆಯಲ್ಲಿ ಒಂದು ಎಣ್ಣೆಯ ಚುಕ್ಕೆ. ಸತ್ತವಳ ಮುಂಡನ್ನು ತೊಳೆಯದೆ ಹಬ್ಬದ ಮನೆಯಲ್ಲಿ ಹೀಗೆ ಬಿಡುವುದುಂಟೇ ಎಂದು ಗೊಣಗುತ್ತಾ ಅದನ್ನು ಎತ್ತಿಕೊಂಡಳು. ತೊಳೆದು, ಗೂಡಿನಲ್ಲಿದ್ದ ಬಾಟಲಿಯ ನೀಲಿ ಹಾಕಿ, ರಸ್ತೆ ಕಡೆಯ ಬೇಲಿಯ ಮೇಲೆ ಹರವಿದಳು.

ದೊಡ್ಡಪ್ಪ ಬಸ್ಸಿನಿಂದ ಇಳಿದಾಗ ನಾನೂ ಅದೇ ಬಸ್ಸಿನಲ್ಲಿ ಇದ್ದೆ. ಬೇಲಿ ಕಂಡ ಕಡೆ ಅವರು ನಿಂತರು. ಆಮೇಲೆ ಮೆಲ್ಲಗೆ ನಡೆದು ಹೋಗಿ ಒದ್ದೆ ಮುಂಡನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಬಿಳಿ ನೇರಳೆಗೆ ತಿರುಗಿ ಮಿಣಮಿಣ ಎನ್ನುತ್ತಿತ್ತು, ಮದುವೆ ಮಂಟಪದ ಟ್ಯೂಬ್‌ಲೈಟಿನ ಹಾಗೆ.

ನಂಜಿ ಅತ್ತೆ ಒಳಗಿನಿಂದ ಕೈ ಒರೆಸುತ್ತಾ ಬಂದಳು. ಮನೆಯನ್ನು ಏನು ಸ್ಥಿತಿಯಲ್ಲಿ ಇಟ್ಟಿದ್ದೀರಿ ಎಂದು ಶುರುಮಾಡಿದವಳು ಅಣ್ಣನ ಮುಖ ನೋಡಿ ನಿಲ್ಲಿಸಿದಳು.

"ಇದನ್ನ ಯಾಕೆ ಮುಟ್ಟಿದೆ ನಂಜಿ?" ಎಂದರು ದೊಡ್ಡಪ್ಪ.

"ಹಬ್ಬಕ್ಕೆ ತೊಳೀದೆ ಇಡ್ತಾರಾ ಅಣ್ಣ?"

ದೊಡ್ಡಪ್ಪ ಮುಂಡನ್ನು ಕೈಬಿಟ್ಟರು. ಒಳಗೆ ಹೋಗಿ ಟೀ ಪೆಟ್ಟಿಗೆಯ ಮೇಲೆ ಕೂತರು. ಮೇಜಿನ ಮೇಲೆ ಚೊಂಬು, ಟೊಮ್ಯಾಟೊ, ನಡುವೆ ಧೂಳಿಲ್ಲದ ಚೌಕಾಕಾರದ ಜಾಗ. ವಿಷಯವನ್ನು ಅತ್ತೆಗೆ ಸಂಜೆ ಜೀವಿತಾ ಬಿಡಿಸಿ ಹೇಳಿದಳು. ಅತ್ತೆ ಮೊದಲು ಜಗಳವಾಡಿದಳಂತೆ. ಬಟ್ಟೆ ಎಂದ ಮೇಲೆ ತೊಳೆಯುತ್ತಾರೆ, ಬೇಡವಾದರೆ ಅದರ ಮೇಲೆ ಒಂದು ಚೀಟಿ ಅಂಟಿಸಬೇಕಿತ್ತು, ನನಗೇನು ಕನಸು ಬೀಳುತ್ತದೆಯೇ ಎಂದಳಂತೆ. ಆಮೇಲೆ ಒಲೆಯ ಮುಂದೆ ಕೂತು ಅತ್ತಳಂತೆ. ಅಣ್ಣ ತಂಗಿ ಭಾನುವಾರವೆಲ್ಲ ಮಾತಾಡಲಿಲ್ಲ. ಅತ್ತೆ ಮಾಡಿದ ಅವರೆ ಸಾರನ್ನು ದೊಡ್ಡಪ್ಪ ಉಂಡರು, ಹೇಗಿದೆ ಎಂದು ಹೇಳಲಿಲ್ಲ. ಅವಳಿಗೆ ಅದೇ ದೊಡ್ಡ ಶಿಕ್ಷೆ.

ಹಬ್ಬಕ್ಕೆ ಇನ್ನೂ ಒಂದು ವಾರವಿತ್ತು. ಅತ್ತೆ ಯಾರಿಗೂ ಹೇಳದೆ ಮುಂಡನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದು ಹುಲ್ಲಿನ ಮೇಲೆ ಹರವಿದಳು. ಬಿಸಿಲಿನಲ್ಲಿ ಒಣಗಿಸಿ, ಮತ್ತೆ ನೆನೆಸಿ, ಮತ್ತೆ ಹರವಿದಳು. ನೇರಳೆ ಬಿಟ್ಟುಹೋಯಿತು, ಹಳದಿಯೂ ಹೋಯಿತು. ಉಳಿದದ್ದು ಯಾರ ಕೈಯದೂ ಅಲ್ಲದ ಸಪ್ಪೆ ಬಿಳಿ. ಆಗ ಅವಳು ಬಂದು ದೊಡ್ಡಪ್ಪನ ಎದುರು ನಿಂತಳು.

"ಆ ಗಂಟು ಕೊಡು ಅಣ್ಣ. ಅತ್ತಿಗೆ ನೀಲಿ ಹಾಕೋದನ್ನ ನೀನು ಒಂದು ದಿನಾನೂ ನೋಡಿಲ್ಲ. ನಾನು ನೋಡಿದೀನಿ."

ದೊಡ್ಡಪ್ಪ ಆ ದಿನ ಕೊಡಲಿಲ್ಲ. ಗಂಟಿನಲ್ಲಿದ್ದದ್ದು ಒಂದು ಮುಂಡಿಗೆ ಸಾಲುವಷ್ಟು. ನೀರಿಗೆ ಬಿಟ್ಟರೆ ಮುಗಿಯಿತು, ಉಳಿಯುವುದು ಖಾಲಿ ಬಟ್ಟೆ ಮತ್ತು ದಾರ. ಬಿಡದಿದ್ದರೆ ಗಂಟು ಗಂಟಾಗಿಯೇ ಗೂಡಿನಲ್ಲಿ ಇರುತ್ತದೆ, ಚಿತ್ರದಲ್ಲಿ ಒಂದು ಮಡಿಕೆ ಮಾತ್ರ ಇರುತ್ತದೆ. ಮರುದಿನ ನಾನು ಹಾಲು ಕೊಡಲು ಹೋದಾಗ ಅವರು ಗಂಟನ್ನು ಮೂಸಿ ನೋಡುತ್ತಿದ್ದರು. ಅದಕ್ಕೆ ಯಾವ ವಾಸನೆಯೂ ಇಲ್ಲ ಎಂದು ನನಗೆ ಹೇಳಿದರು. ಅವಳು ಇದ್ದಿದ್ದರೆ ಇದನ್ನು ನೀರಿಗೇ ಹಾಕುತ್ತಿದ್ದಳು, ಇಟ್ಟುಕೊಂಡು ಕೂರುತ್ತಿರಲಿಲ್ಲ ಎಂದೂ ಹೇಳಿದರು. ನನಗಲ್ಲ, ತಮಗೇ ಹೇಳಿಕೊಂಡಂತಿತ್ತು. ಆಮೇಲೆ ಎದ್ದು ಹೋಗಿ ತಂಗಿಯ ಕೈಯಲ್ಲಿಟ್ಟರು.

ನೀಲಿ ಹಾಕುವಾಗ ದೊಡ್ಡಪ್ಪ ಬಚ್ಚಲ ಬಾಗಿಲಿನ ಕಲ್ಲಿನ ಮೇಲೆ ಕೂತರು. ನಾನು ಹಂಡೆಯಿಂದ ನೀರು ಮೊಗೆದು ಕೊಡುತ್ತಿದ್ದೆ. ಅತ್ತೆ ಗಂಟನ್ನು ನೀರಿನಲ್ಲಿ ಆಡಿಸಿದಳು. ನೀಲಿ ಮೊದಲು ದಾರದ ಹಾಗೆ ಎಳೆ ಎಳೆಯಾಗಿ ಇಳಿಯಿತು, ಆಮೇಲೆ ಹರಡಿತು. ಅವಳು ಅಂಗೈಯಲ್ಲಿ ನೀರು ಹಿಡಿದು ಬೆಳಕಿಗೆ ನೋಡಿದಳು. ಅತ್ತಿಗೆ ಹೀಗೇ ನೋಡುತ್ತಿದ್ದಳು ಎಂದಳು. ಮುಂಡನ್ನು ಬಿಡಿಸಿ ಅದ್ದಿದಳು. ದೊಡ್ಡಪ್ಪ ಕಣ್ಣು ಕೀಳದೆ ನೋಡುತ್ತಿದ್ದರು.

"ಮೊದಲ ವರ್ಷ ಅವಳಿಗೆ ಇದು ಬರ್ತಿರಲಿಲ್ಲ ಅಲ್ವಾ?" ಎಂದು ಕೇಳಿದರು.

ಅಷ್ಟು ದಿನ ಮಾತಿಲ್ಲದೆ ಇದ್ದ ಅತ್ತೆಗೆ ಅಷ್ಟೇ ಸಾಕಾಯಿತು. ರಾಜಾಮಣಿ ಮದುವೆಯಾಗಿ ಬಂದ ಮೊದಲ ಹೆತ್ತೆ ಹಬ್ಬದ ಕತೆಯನ್ನು ಹೇಳತೊಡಗಿದಳು. ಹೊಸ ಸೊಸೆ ನೀಲಿ ಹಾಕುವುದು ಗೊತ್ತಿಲ್ಲವೆಂದು ಹೇಳಲು ನಾಚಿ ತಾನೇ ಹಾಕಿದಳಂತೆ. ಬಟ್ಟೆಯನ್ನು ತಿರುಗಿಸದೆ ನೀರಿನಲ್ಲಿ ಬಿಟ್ಟು ಒಲೆಯ ಕಡೆ ಹೋದಳಂತೆ. ಮಡಿಕೆ ಮಡಿಕೆಯಲ್ಲಿ ನೀಲಿ ಕೂತು, ಮುಂಡಿನ ಮೇಲೆಲ್ಲ ಮೋಡ ಹಾದುಹೋದ ಹಾಗೆ ಪಟ್ಟೆ ಎದ್ದಿತಂತೆ. ಬೇರೆ ಮುಂಡಿಲ್ಲ. ಅದನ್ನೇ ಉಟ್ಟು ಹಬ್ಬಕ್ಕೆ ಹೊರಟವಳನ್ನು ನೋಡಿ ನಂಜಿಯ ಅವ್ವ ಎಲ್ಲರ ಎದುರಿಗೆ, ಇದೇನು ಆಕಾಶವನ್ನೇ ಸುತ್ತಿಕೊಂಡು ಬಂದಿದ್ದೀಯಾ ಎಂದಳಂತೆ. ನಂಜಿ ಆಗ ದಾವಣಿಯ ಹುಡುಗಿ, ದಾರಿಯುದ್ದಕ್ಕೂ ಅತ್ತಿಗೆಯ ಹಿಂದೆ ನಡೆದು ಮಳೆ ಬರುತ್ತೆ, ಮಳೆ ಬರುತ್ತೆ ಎಂದು ಹಾಡಿದಳಂತೆ. ಅತ್ತಿಗೆ ತಿರುಗಿ ಅವಳ ಕಿವಿ ಹಿಂಡಿದಳಂತೆ. ಹೇಳುತ್ತಾ ಹೇಳುತ್ತಾ ಅತ್ತೆ ನಕ್ಕಳು, ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು.

ಮುಂಡು ನೀರಿನಲ್ಲೇ ಇತ್ತು.

ನೆನಪಾದಾಗ ಅತ್ತೆ ಅದನ್ನು ಎಳೆದು ತೆಗೆದಳು. ಹಿಂಡದೆ ಬೇಲಿಯ ಮೇಲೆ ಹರವಿದಳು. ನೀರು ಸೋರಿ ಬಿಸಿಲು ಬಿದ್ದಂತೆ ಒಂದೊಂದೇ ಪಟ್ಟೆ ಕಾಣಿಸಿತು. ಮಡಿಕೆ ಇದ್ದ ಕಡೆಯೆಲ್ಲ ತೆಳು ನೀಲಿ, ಓರೆಯಾಗಿ, ಉದ್ದಕ್ಕೂ. ಅತ್ತೆ ಬಾಯಿಗೆ ಕೈ ಇಟ್ಟುಕೊಂಡು ನಿಂತಳು. ಗಂಟಿನ ಬಟ್ಟೆ ಅವಳ ಇನ್ನೊಂದು ಕೈಯಲ್ಲಿ ಖಾಲಿಯಾಗಿ ತೊಟ್ಟಿಕ್ಕುತ್ತಿತ್ತು. ಇನ್ನೊಮ್ಮೆ ಹಾಕಲು ಪುಡಿ ಇರಲಿಲ್ಲ.

ದೊಡ್ಡಪ್ಪ ಬೇಲಿಯ ಹತ್ತಿರ ಬಂದರು. ಬಹಳ ಹೊತ್ತು ನೋಡಿದರು. ಅವರು ಸಿಟ್ಟಾಗುತ್ತಾರೆಂದು ನಾನು ತಿಳಿದಿದ್ದೆ. ಅವರು ಮುಂಡಿನ ಒಂದು ಪಟ್ಟೆಯ ಮೇಲೆ ಬೆರಳು ಎಳೆದು ಮೆಲ್ಲಗೆ ಹೇಳಿದರು:

"ಆ ಹಬ್ಬದಲ್ಲಿ ನಾನು ದಿಣ್ಣೆ ಮೇಲೆ ಗಂಡಸರ ಜೊತೆ ನಿಂತಿದ್ದೆ. ಕೆಳಗೆ ಬಯಲು ತುಂಬಾ ಬಿಳಿ. ಅಷ್ಟು ಹೆಂಗಸರಲ್ಲಿ ಅವಳು ಎಲ್ಲಿದಾಳೆ ಅಂತ ನಂಗೆ ಒಂದೇ ನೋಟಕ್ಕೆ ಗೊತ್ತಾಯ್ತು. ಆಮೇಲೆ ಅವಳ ಕೈ ಕುದುರಿತು. ಆವತ್ತಿನಿಂದ ಪ್ರತಿ ಹಬ್ಬದಲ್ಲೂ ಹುಡುಕಬೇಕಾಯ್ತು."

ಅತ್ತೆ ಖಾಲಿ ಗಂಟಿನ ಬಟ್ಟೆಯನ್ನು ಹಿಂಡಿ ಅವರ ಕೈಯಲ್ಲಿಟ್ಟಳು. 

ಸೋಮವಾರ ಹೆತ್ತೆ ಹಬ್ಬ. ಸುತ್ತಲ ಹಟ್ಟಿಗಳವರೆಲ್ಲ ಬಿಳಿ ಉಟ್ಟು ನಡೆದು ಬಂದರು. ದೊಡ್ಡಪ್ಪ ಯಾವಾಗಿನಂತೆ ದಿಣ್ಣೆಯ ಮೇಲೆ ನಿಂತಿದ್ದರು. ಪೂಜೆಯ ಹೊತ್ತಿಗೆ ಎಲ್ಲರೂ ಗುಡಿಯ ಕಡೆ ತಿರುಗಿದಾಗಲೂ ಅವರು ಹೆಂಗಸರ ಬಯಲಿನ ಕಡೆಗೇ ನೋಡುತ್ತಿದ್ದರು, ಈ ತುದಿಯಿಂದ ಆ ತುದಿಗೆ, ಆಮೇಲೆ ಮತ್ತೆ ಮೊದಲಿನಿಂದ. ಎಲ್ಲರ ಬಿಳಿಯೂ ಒಂದೇ ಸಮನಾಗಿತ್ತು. ಸರವಣ ಬಂದು ಅವರ ಭುಜ ಮುಟ್ಟಿ ಪ್ರಸಾದಕ್ಕೆ ಕರೆದುಕೊಂಡು ಹೋದ.

ಮರುದಿನ ಬೆಳಿಗ್ಗೆ ಅವರು ಮುಂಡನ್ನು ತಂದು ಮೇಜಿನ ಮೇಲೆ ಇಟ್ಟರು. ಈ ಸಲ ಮಡಿಸಿ ಇಡಲಿಲ್ಲ. ಒಂದು ತುದಿ ಮೇಜಿನಿಂದ ಕೆಳಕ್ಕೆ ಇಳಿಯುವಂತೆ, ಪಟ್ಟೆಗಳೆಲ್ಲ ಕಾಣುವಂತೆ ಬಿಟ್ಟರು. ಖಾಲಿ ಗಂಟಿನ ಬಟ್ಟೆಯನ್ನು ದಾರದ ಸಮೇತ ಚೊಂಬಿನ ಪಕ್ಕದಲ್ಲಿಟ್ಟರು. ಟೊಮ್ಯಾಟೊ ಸುಕ್ಕುಗಟ್ಟಿತ್ತು, ಬೇರೆ ಎರಡು ಕಿತ್ತು ತಂದರು. ಅಲ್ಟ್ರಾಮರೀನಿನ ಟ್ಯೂಬನ್ನು ಬುಡದಿಂದ ಒತ್ತಿ ಬರೆಯಲು ಕೂತರು. ಮೊದಲು ಬರೆದದ್ದು ಪಟ್ಟೆ. ಅದು ಕೆರೆಯುವ ಕೆಲಸವಿಲ್ಲದೆ ಬಂತು.

ಎಡಗಡೆಯ ಹಳೆಯ ಮಡಿಕೆಯನ್ನು ಅವರು ಅಳಿಸಲಿಲ್ಲ. ಚಿತ್ರ ನೋಡಿ ರಂಗನಾಥನ್ ಮಾಸ್ಟರ್ ತಲೆದೂಗಿದರಂತೆ. ಆಮೇಲೆ, ಇದರಲ್ಲಿ ಎರಡು ಬಟ್ಟೆ ಇರುವ ಹಾಗೆ ಕಾಣುತ್ತದೆಯಲ್ಲ ಎಂದು ಕೇಳಿದರಂತೆ. ಒಂದೇ ಬಟ್ಟೆ ಎಂದು ದೊಡ್ಡಪ್ಪ ಹೇಳಿದರಂತೆ. ಮಾಸ್ಟರ್ ಇನ್ನೊಮ್ಮೆ ಹತ್ತಿರದಿಂದ ನೋಡಿದರಂತೆ. ಈ ನೀಲಿ ಬೆಳಕಿಗೆ ಹೆದರುವುದಿಲ್ಲ, ಹುಳಿಗೆ ಮಾತ್ರ ಹೆದರುತ್ತದೆ, ಹುಣಿಸೆ ನಿಂಬೆ ತಾಗದಂತೆ ಇಡಿ ಎಂದು ಹೇಳಿ ಕಳಿಸಿದರಂತೆ.

ಚಿತ್ರವನ್ನು ಈಗ ಕಿಟಕಿಯ ಎದುರಿನ ಗೋಡೆಗೆ ಹಾಕಿದ್ದಾರೆ. ಮುಂಡು ಟ್ರಂಕಿಗೆ ಹೋಗಿದೆ. ಅದು ಇನ್ನು ಹಳದಿಯಾಗುತ್ತದೆ, ದೊಡ್ಡಪ್ಪನಿಗೂ ಗೊತ್ತು. ಚಿತ್ರ ಮುಗಿಯುವ ತನಕ ಉಳಿದಿದ್ದ ನಂಜಿ ಅತ್ತೆ ಮಾವನಲ್ಲಕ್ಕೆ ಹೊರಡುವ ದಿನ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತು ಚಿತ್ರವನ್ನು ನೋಡಿದಳು. ಹುಣಿಸೆಹಣ್ಣಿನ ಮಾತು ಅವಳ ಕಿವಿಗೂ ಬಿದ್ದಿತ್ತು. ಹಬ್ಬಕ್ಕೆ ಚೊಂಬು ಬೆಳಗುವುದು ಹುಣಿಸೆಯಲ್ಲೇ ಅಲ್ಲವೇ.

"ಮುಂದಿನ ವರ್ಷ ಬಂದು ಇದನ್ನೂ ತೊಳೀಲಾ ಅಣ್ಣ?" ಎಂದಳು.

"ಬೇಡ," ಎಂದರು ದೊಡ್ಡಪ್ಪ. "ಹಾಗೇ ಇರಲಿ. ಹುಡುಕೋಕೆ ಸುಲಭ."